ಋಣ ಮತ್ತು ಮನಸ್ಸು : ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳನ್ನು ಕುರಿತ ಒಂದು ವಿಚಾರ

1

ಋಣವೆಂಬ ಶಬ್ದಕ್ಕೆ ನಮ್ಮ ನುಡಿಯಲ್ಲಿ ಎರಡು ಮುಖಗಳಿವೆ. ಪಿತೃಋಣ, ಅನ್ನದ ಋಣ ಎಂದು ನುಡಿಯುವಾಗ ಅದು ಮನುಷ್ಯನನ್ನು ಮನುಷ್ಯನಿಗೆ ಬೆಸೆಯುವ ಬಂಧವಾಗಿರುತ್ತದೆ. ಸಾಹುಕಾರನ ಕಡತವನ್ನು ಸೇರಿದಾಗ ಅದೇ ಋಣವು ಮನುಷ್ಯನನ್ನು ಮನುಷ್ಯನಲ್ಲಿ ಅಡವಿರಿಸುವ ಪತ್ರವಾಗುತ್ತದೆ. ಸಾಲವನ್ನು ಪಡೆಯುವ ಗಳಿಗೆಯ ಹರ್ಷವನ್ನೂ ಸಾಲಿಗನು ಬಾಗಿಲಿಗೆ ಬಂದಾಗಿನ ಸಂಕಟವನ್ನೂ ಎದುರುಬದುರಾಗಿ ನಿಲ್ಲಿಸಿ ಸರ್ವಜ್ಞನು ರಚಿಸಿರುವ ತ್ರಿಪದಿಯು ಕನ್ನಡಿಗರೆಲ್ಲರ ಬಾಯಲ್ಲಿದೆ. ಸಾಲವು ಮೊದಲು ಶರೀರವನ್ನಲ್ಲ, ಮನಸ್ಸನ್ನು ಹಿಡಿಯುತ್ತದೆಂಬ ತಿಳಿವಳಿಕೆಯು ನಮ್ಮ ಜನಕ್ಕೆ ಮನೋವಿಜ್ಞಾನವು ಶಾಸ್ತ್ರವಾಗಿ ಹುಟ್ಟುವುದಕ್ಕಿಂತ ಬಹು ಮೊದಲೇ ಇದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಆದರೆ ಜನವು ಬಲ್ಲ ಈ ಸಂಗತಿಯನ್ನು ಇತಿಹಾಸಕಾರರು ಹೆಚ್ಚಾಗಿ ಗಮನಿಸಿಲ್ಲ. ಬಡ್ಡಿಯ ದರ, ಅಡವಾದ ಎಕರೆಗಳ ಸಂಖ್ಯೆ, ಕಂದಾಯದ ಬಾಕಿ ಇವುಗಳನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ವರದಿಗಳಿವೆ. ಆ ಅಂಕಿಗಳನ್ನು ಹೊತ್ತು ಬದುಕಿದ ಜನರ ಅಂತರಂಗವನ್ನು ಕುರಿತು ಇರುವುದು ಅತ್ಯಲ್ಪ. ಬೀದರ, ಕಲಬುರ್ಗಿ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳನ್ನು ಮುಂದಿರಿಸಿಕೊಂಡು, ಸಾಮಾಜಿಕ ಮತ್ತು ಆರ್ಥಿಕ ಅಸಮಾನತೆಯು ಜನರ ಮನಸ್ಸಿನ ಸ್ವಾಸ್ಥ್ಯವನ್ನು ಹೇಗೆ ಬಾಧಿಸಿತು, ಆ ಬಾಧೆಯ ಸ್ವರೂಪವು ಕಾಲಕಾಲಕ್ಕೆ ಹೇಗೆ ಮಾರ್ಪಟ್ಟಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಬಡವರೆಲ್ಲರೂ ಮನೋರೋಗಿಗಳೆಂದಾಗಲಿ, ಮನೋರೋಗಗಳೆಲ್ಲವೂ ಬಡತನದಿಂದಲೇ ಬರುವುವೆಂದಾಗಲಿ ಇಲ್ಲಿ ವಾದಿಸುತ್ತಿಲ್ಲ. ರೋಗಕ್ಕೆ ದೇಹದ ಕಾರಣಗಳುಂಟು, ವಂಶದ ಕಾರಣಗಳುಂಟು. ಅವುಗಳೊಡನೆ ಸಮಾಜದ ಕಾರಣಗಳೂ ಉಂಟೆಂಬುದಷ್ಟೇ ಇಲ್ಲಿಯ ಪ್ರಸ್ತಾಪ.

2

ನಿಜಾಮರ ಸಂಸ್ಥಾನದಲ್ಲಿ ಭೂಮಿಯ ಹಂಚಿಕೆಯು ಹೇಗಿದ್ದಿತೆಂಬುದನ್ನು ವಾಚಕರು ಬಲ್ಲರು. ರಾಜ್ಯದ ಸುಮಾರು ಹತ್ತರಲ್ಲಿ ಆರು ಪಾಲು ದಿವಾನಿ ಅಥವಾ ಖಾಲ್ಸಾ ಭೂಮಿ. ಒಂದು ಪಾಲು ನಿಜಾಮರ ಸ್ವಂತ ಖರ್ಚಿಗೆ ಮೀಸಲಾದ ಸರ್ಫ್-ಎ-ಖಾಸ್. ಉಳಿದ ಮೂರು ಪಾಲು ಜಾಗೀರುದಾರರ ಕೈಯಲ್ಲಿದ್ದಿತು. ಜಾಗೀರಿನ ರೈತನಿಗೆ ದಿವಾನಿಯ ರೈತನಿಗಿದ್ದಷ್ಟು ರಕ್ಷಣೆಯೂ ಇರಲಿಲ್ಲ. ಅವನಿಗಿಂತ ಕೆಳಗೆ, ಉಳುವುದಕ್ಕೆ ಗೇಣು ನೆಲವೂ ಇಲ್ಲದ ಆಳು ಇದ್ದನು. ಮದುವೆಗೋ ಮಣ್ಣಿಗೋ ಪಡೆದ ಅಲ್ಪ ಸಾಲಕ್ಕಾಗಿ ತನ್ನ ದುಡಿಮೆಯನ್ನೇ ಒತ್ತೆಯಿಟ್ಟು ಒಡೆಯನ ಮನೆಯಲ್ಲಿ ದುಡಿಯುವ ಪದ್ಧತಿಗೆ ಸಂಸ್ಥಾನದ ಕಾಗದಪತ್ರಗಳಲ್ಲಿ ‘ಭಗೇಲ’ ಎಂಬ ಹೆಸರು ಕಾಣುತ್ತದೆ. ಕನ್ನಡಿಗರು ಇದನ್ನು ಬಲ್ಲುದು ಜೀತವೆಂಬ ಹೆಸರಿನಿಂದ. ಕೂಲಿಯು ಬಡ್ಡಿಗೆ ಜಮೆಯಾಗುತ್ತಿದ್ದಿತು; ಅಸಲು ಹಾಗೆಯೇ ಉಳಿದು ಮಗನಿಗೆ ಬರುತ್ತಿದ್ದಿತು. ಈ ಕರಾರುಗಳಿಗೆ ಮಿತಿಯನ್ನು ಹಾಕಲು 1936ರಲ್ಲಿ ಸಂಸ್ಥಾನವು ಒಂದು ನಿಬಂಧನೆಯನ್ನು ಹೊರಡಿಸಿತು. ಅದರ ಬಹುಭಾಗವು ಕಾಗದದ ಮೇಲೆಯೇ ಉಳಿಯಿತು. ಕಾನೂನನ್ನು ಓದಬಲ್ಲವನು ಒಡೆಯ; ಅದರಿಂದ ಬಿಡುಗಡೆ ಪಡೆಯಬೇಕಾದವನು ಅಕ್ಷರವರಿಯದ ಆಳು. ಹೀಗಿರುವಾಗ ಬೇರೆ ಪರಿಣಾಮವು ಹೇಗೆ ತಾನೆ ಸಾಧ್ಯ?

ಸಂಸ್ಥಾನದ ಅಧಿಕಾರಿಗಳಿಗೆ ಇದರ ಅರಿವಿರಲಿಲ್ಲವೆಂದು ಹೇಳುವಂತಿಲ್ಲ. ಎಸ್. ಕೇಶವ ಅಯ್ಯಂಗಾರರು 1929-30ರಲ್ಲಿ ಸಂಸ್ಥಾನದ ಹಳ್ಳಿಗಳ ಆರ್ಥಿಕ ಸ್ಥಿತಿಯನ್ನು ಕುರಿತು ವಿಸ್ತಾರವಾದ ಶೋಧನೆಯನ್ನು ನಡೆಸಿದರು; ಅಂತಹುದೇ ಇನ್ನೊಂದನ್ನು 1949-51ರಲ್ಲಿ ಕೈಕೊಂಡರು. ರೈತರ ಋಣಭಾರವನ್ನು ಕುರಿತ ಭರೂಚಾ ಅವರ ವರದಿಯು 1937ರಲ್ಲಿ ಹೊರಬಂದಿತು. ಸಾಹುಕಾರರನ್ನು ನಿಯಂತ್ರಿಸುವ ಹಾಗೂ ಭೂಮಿಯ ಪರಭಾರೆಯನ್ನು ತಡೆಯುವ ನಿಬಂಧನೆಗಳು ಇದನ್ನು ಹಿಂಬಾಲಿಸಿದುವು. 1941ರಲ್ಲಿ ಸ್ಥಾಪಿತವಾಗಿ ಮರುವರ್ಷ ವ್ಯವಹಾರವನ್ನಾರಂಭಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕು ಸಂಸ್ಥಾನದ ನಾಣ್ಯವನ್ನೂ ಖಜಾನೆಯನ್ನೂ ನೋಡಿಕೊಂಡಿತಾದರೂ ಹೊಲದ ಬದುವಿನವರೆಗೆ ಅದರ ಕೈ ಚಾಚಲಿಲ್ಲ. ದೇಶದ ಇತರ ಭಾಗಗಳ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ರಿಸರ್ವ್ ಬ್ಯಾಂಕು 1951-52ರಲ್ಲಿ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ, ರೈತರು ಪಡೆದ ಸಾಲದಲ್ಲಿ ನೂರಕ್ಕೆ ಸುಮಾರು 70 ಪಾಲು ಸಾಹುಕಾರರಿಂದ ಬಂದುದು. ಸರಕಾರ ಮತ್ತು ಸಹಕಾರ ಸಂಘಗಳ ಪಾಲು ತಲಾ ನೂರಕ್ಕೆ ಸುಮಾರು 3. ವಾಣಿಜ್ಯ ಬ್ಯಾಂಕುಗಳದು 1ಕ್ಕಿಂತಲೂ ಕಡಿಮೆ.

3

ಈ ವರದಿಗಳಲ್ಲಿ ಮನಸ್ಸಿನ ಮಾತು ಎಲ್ಲಿದೆ? ಸಾಲಗಾರನನ್ನು ವರ್ಣಿಸುವಾಗ ಸರಕಾರಿ ವರದಿಗಳು ‘ಆಲಸಿ’, ‘ದುಂದುಗಾರ’, ‘ನಾಳಿನ ಚಿಂತೆಯಿಲ್ಲದವ’ ಎಂಬ ಬಗೆಯ ಮಾತುಗಳನ್ನು ಬಳಸುವುದು ಆ ಕಾಲದ ವಾಡಿಕೆಯಾಗಿದ್ದಿತು. ಬದುಕಿನ ಮೇಲೆ ಹಿಡಿತವೇ ಇಲ್ಲದವನು ನಾಳಿನ ಯೋಚನೆಯನ್ನು ಕೈಬಿಡುವುದು ಅವನ ಗುಣದೋಷವೋ ಅಥವಾ ಅವನ ಸ್ಥಿತಿಯ ಪರಿಣಾಮವೋ ಎಂಬ ಪ್ರಶ್ನೆಯನ್ನು ಅವು ಎತ್ತುತ್ತಿರಲಿಲ್ಲ.

ಇನ್ನು ಹುಚ್ಚಾಸ್ಪತ್ರೆಗಳ ದಾಖಲೆಗಳಿಂದಲೂ ನಮಗೆ ದೊರೆಯುವ ನೆರವು ಕಡಿಮೆ. ಬ್ರಿಟಿಷ್ ಇಂಡಿಯಾದ 1912ರ ಕಾನೂನು ಬೀದಿಯಲ್ಲಿ ಅಲೆಯುವ ಅಥವಾ ಅಪಾಯಕಾರಿಯಾದ ರೋಗಿಯನ್ನು ಪೊಲೀಸರ ಹಾಗೂ ಮ್ಯಾಜಿಸ್ಟ್ರೇಟರ ಮೂಲಕ ಒಳಗೆ ಸೇರಿಸುವ ವ್ಯವಸ್ಥೆಯನ್ನು ಮುಖ್ಯವಾಗಿ ಚಿಂತಿಸಿತ್ತು. 19ನೆಯ ಶತಮಾನದ ನಡುವಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆಶ್ರಯಾಲಯವು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆದು, ಡಾ. ಎಂ.ವಿ. ಗೋವಿಂದಸ್ವಾಮಿಯವರ ಶ್ರಮದಿಂದ ಬೆಳೆದು, 1954ರಲ್ಲಿ ಅಖಿಲ ಭಾರತ ಸಂಸ್ಥೆಯಾಗಿ, 1974ರಲ್ಲಿ ಇಂದಿನ ನಿಮ್ಹಾನ್ಸ್ ಆಯಿತು. ಕನ್ನಡ ನಾಡಿಗೆ ಇದೊಂದು ಹೆಮ್ಮೆ. ಆದರೆ ಒಡೆಯನ ಕೊಟ್ಟಿಗೆಯಲ್ಲಿ ಮೌನವಾಗಿ ದುಡಿದು, ಉಣ್ಣಲೊಲ್ಲದೆ, ನಿದ್ರೆಯಿಲ್ಲದೆ ಕುಗ್ಗಿಹೋದ ಜೀತದಾಳನ್ನು ಯಾವ ಆಸ್ಪತ್ರೆಯ ಪುಸ್ತಕವೂ ದಾಖಲಿಸಲಿಲ್ಲ. ಅವನು ಯಾರಿಗೂ ಅಪಾಯಕಾರಿಯಾಗಿರಲಿಲ್ಲ; ದುಡಿಯುವವರೆಗೆ ಯಾರ ಕಣ್ಣಿಗೂ ರೋಗಿಯಾಗಿರಲಿಲ್ಲ.

ಹಾಗಾದರೆ ಅಂಥವರು ತಮ್ಮ ದುಃಖವನ್ನು ಎಲ್ಲಿಗೆ ಒಯ್ದರು? ದೇವಸ್ಥಾನಗಳಿಗೆ, ದರ್ಗಾಗಳಿಗೆ. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಗಾಣಗಾಪುರದಲ್ಲಿ, ದತ್ತಾತ್ರೇಯನ ಆರತಿಯ ವೇಳೆಗೆ, ಗಾಳಿ ಹಿಡಿದಿದೆಯೆಂದು ಕರೆತಂದ ಜನರು ಕೂಗಿ ಅತ್ತು ಹೊರಳಾಡುವ ದೃಶ್ಯವು ಆ ಸೀಮೆಯವರಿಗೆಲ್ಲ ಪರಿಚಿತವಾದುದು. ಕಲಬುರ್ಗಿಯ ಖ್ವಾಜಾ ಬಂದೇ ನವಾಜರ ದರ್ಗಾಕ್ಕೂ ಇಂತಹ ನೊಂದ ಜೀವಿಗಳು ಜಾತಿಮತಗಳ ಎಣಿಕೆಯಿಲ್ಲದೆ ಬರುತ್ತಿದ್ದರು, ಇಂದಿಗೂ ಬರುತ್ತಾರೆ. ಕರಾವಳಿಯ ಕೋಟದಲ್ಲಿ ಆರ್.ಎಲ್. ಕಪೂರ್ ಅವರು ನಡೆಸಿ 1975ರಲ್ಲಿ ಪ್ರಕಟಿಸಿದ ಅಧ್ಯಯನವು ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಮೂರು ಬಗೆಯ ದೇಶೀಯ ಚಿಕಿತ್ಸಕರನ್ನು ಗುರುತಿಸಿತು. ಜನರು ಇವರ ಬಳಿಗೂ ಡಾಕ್ಟರರ ಬಳಿಗೂ ಏಕಕಾಲದಲ್ಲಿ ಹೋಗುವುದನ್ನು ಕಂಡಿತು. ಇದನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಒಡೆಯನೆದುರು ತುಟಿಬಿಚ್ಚಲಾಗದ ಹೆಣ್ಣೊಬ್ಬಳು ಗಾಳಿಯ ಹೆಸರಿನಲ್ಲಾದರೂ ನಾಲ್ಕು ಜನರ ಮುಂದೆ ಕೂಗಿ ಅಳಬಹುದಾಗಿದ್ದಿತೆಂಬುದನ್ನು ಇತಿಹಾಸದ ವಿದ್ಯಾರ್ಥಿಯು ಮರೆಯಬಾರದು. ಬರವಣಿಗೆಯ ದಾಖಲೆಯಿಲ್ಲದವರಿಗೆ ಆ ಕೂಗೇ ದಾಖಲೆ.

4

ದೈವದ ಹಾದಿಯಲ್ಲದೆ ಸ್ವಾಭಿಮಾನದ ಹಾದಿಯೂ ಇದ್ದಿತು. ಜೀತಕ್ಕೆ ಬಿದ್ದವರಲ್ಲಿ ಅಸ್ಪೃಶ್ಯರೆನಿಸಿದ ಸಮುದಾಯದವರೇ ಹೆಚ್ಚೆಂಬುದು ಆಕಸ್ಮಿಕವಲ್ಲ. ಹಣದ ಅಸಮಾನತೆಯು ಹುಟ್ಟಿನ ಅಸಮಾನತೆಯ ಹೆಗಲೇರಿ ನಿಂತಿದ್ದಿತು. ಇದನ್ನು ಮನಗಂಡ ಭಾಗ್ಯರೆಡ್ಡಿ ವರ್ಮರು 1906ರಲ್ಲಿ ಇದೇ ಹೈದರಾಬಾದು ನಗರದಲ್ಲಿ ಜಗನ್ಮಿತ್ರ ಮಂಡಳಿಯನ್ನು ಕಟ್ಟಿದರು. ತಮ್ಮ ಜನವನ್ನು ಹೀನಾರ್ಥದ ಹೆಸರುಗಳಿಂದ ಕರೆಯದೆ ಆದಿಹಿಂದೂಗಳೆಂದು ಕರೆಯಬೇಕೆಂದು ಹೋರಾಡಿದರು. 1931ರ ಜನಗಣತಿಯಲ್ಲಿ ಆ ಹೆಸರು ದಾಖಲಾಯಿತು. ಹೆಸರಿನಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರುಂಟು. ಹುಟ್ಟಿದಂದಿನಿಂದ ಬೈಗುಳವನ್ನೇ ಹೆಸರಾಗಿ ಕೇಳಿದವನ ಮನಸ್ಸಿನ ಮೇಲೆ ಆಗುವ ಗಾಯವನ್ನು ಬಲ್ಲವರು ಈ ಪ್ರಶ್ನೆಯನ್ನು ಕೇಳಲಾರರು. ಮುಂದೆ ಬಿ. ಶ್ಯಾಮಸುಂದರರು 1968ರಲ್ಲಿ ಕಲಬುರ್ಗಿಯಲ್ಲಿ ಭೀಮಸೇನೆಯನ್ನು ಸ್ಥಾಪಿಸಿದಾಗ ಈ ಪರಂಪರೆಯು ಕನ್ನಡ ನೆಲದಲ್ಲಿ ಇನ್ನೊಂದು ರೂಪವನ್ನು ತಾಳಿತು. ಚಳವಳಿಗಳು ಕೊಡುವ ಆರ್ಥಿಕ ಫಲವನ್ನು ನಾವು ಲೆಕ್ಕವಿಡುತ್ತೇವೆ. ಅವು ‘ಇದು ನಿನ್ನೊಬ್ಬನ ಹಣೆಬರಹವಲ್ಲ’ ಎಂಬ ಅರಿವನ್ನು ಕೊಟ್ಟು ಒಂಟಿತನವನ್ನು ನೀಗಿಸುವುದನ್ನು ಲೆಕ್ಕವಿಡುವುದಿಲ್ಲ.

5

1948ರ ಸೆಪ್ಟೆಂಬರಿನ ತರುವಾಯ ಹಳೆಯ ಕಟ್ಟಡವು ಒಂದೊಂದಾಗಿ ಕುಸಿಯಿತು. 1949ರಲ್ಲಿ ಜಾಗೀರುಗಳು ರದ್ದಾದುವು. 1950ರಲ್ಲಿ ಗೇಣಿದಾರರ ರಕ್ಷಣೆಗೆ ಕಾನೂನು ಬಂದಿತು. 1956ರ ನವೆಂಬರ್ 1ರಂದು ಮೂರು ಜಿಲ್ಲೆಗಳು ಅಂದಿನ ಮೈಸೂರು ರಾಜ್ಯವನ್ನು ಸೇರಿದುವು. 1974ರಲ್ಲಿ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ, 1976ರ ಜೀತಪದ್ಧತಿ ನಿರ್ಮೂಲನ ಕಾನೂನು, ಅದೇ ವರ್ಷದ ಋಣಪರಿಹಾರ ಕಾನೂನು ಇವು ಮಹತ್ತರವಾದ ಹೆಜ್ಜೆಗಳು. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕೃತವಾದುವು. 1975ರ ನಂತರ ಗ್ರಾಮೀಣ ಬ್ಯಾಂಕುಗಳು ಹುಟ್ಟಿದುವು. ಈ ಸುಧಾರಣೆಗಳಿಂದ ಅಸಂಖ್ಯ ಕುಟುಂಬಗಳು ತಲೆಯೆತ್ತಿ ನಡೆಯುವಂತಾಯಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ಇದರೊಡನೆ ಸಾಲದ ಸ್ವರೂಪವೂ ಮಾರ್ಪಟ್ಟಿತು. ಜೀತಗಾರನ ಸಾಲವು ಒಂದು ಕೇರಿಯ ಸಮಾನ ದುರ್ಗತಿಯಾಗಿದ್ದಿತು. ಅದರಲ್ಲಿ ಅಪಮಾನವಿತ್ತು, ಹತಾಶೆಯಿತ್ತು. ಆದರೆ ‘ನನ್ನ ತಪ್ಪಿನಿಂದ ಹೀಗಾಯಿತು’ ಎಂಬ ಆತ್ಮನಿಂದೆಗೆ ಅಲ್ಲಿ ಅವಕಾಶವು ಕಡಿಮೆ. ಹೊಸದಾಗಿ ನೆಲದ ಒಡೆಯನಾದ ಸಣ್ಣ ರೈತನ ಸ್ಥಿತಿಯೇ ಬೇರೆ. ಬೀಜ, ಗೊಬ್ಬರ, ಕೀಟನಾಶಕಗಳನ್ನು ಕಡ ತಂದು ಪೇಟೆಗಾಗಿ ಬೆಳೆಯುವ ಅವನು ಕಾನೂನಿನ ದೃಷ್ಟಿಯಲ್ಲಿ ಸ್ವತಂತ್ರ. ಗೆದ್ದರೆ ಅವನ ಗೆಲುವು, ಸೋತರೆ ಅವನೊಬ್ಬನದೇ ಸೋಲು. ಹಳೆಯ ಕಾಲದ ಬಂಧನವು ಒಳ್ಳೆಯದಾಗಿದ್ದಿತೆಂದು ಇದರ ಅರ್ಥವಲ್ಲ. ಬಂಧನವು ಕಳಚಿದ ವೇಗದಲ್ಲಿ ಆಸರೆಯು ಬೆಳೆಯಲಿಲ್ಲವೆಂಬುದು ಇದರ ಅರ್ಥ.

ಇದರ ಫಲವು 1997-98ನೆಯ ಸಾಲಿನಲ್ಲಿ ಕಂಡಿತು. ಅಕಾಲದ ಮಳೆ ಮತ್ತು ಕಾಯಿಕೊರಕ ಹುಳುವಿನ ಹಾವಳಿಯಿಂದ ಬೀದರ, ಕಲಬುರ್ಗಿ ಜಿಲ್ಲೆಗಳ ತೊಗರಿಯು ಕೈಕೊಟ್ಟಿತು. ಬೀದರದಲ್ಲಿ ರೈತರ ಆತ್ಮಹತ್ಯೆಗಳ ವಾರ್ತೆಗಳು ಒಂದರ ಹಿಂದೊಂದು ಬಂದುವು. ಅದೇ ಕಾಲಕ್ಕೆ ನೆರೆಯ ವಾರಂಗಲ್ಲಿನಲ್ಲಿ ಹತ್ತಿಯ ಬೆಳೆಗಾರರಿಗೂ ಇದೇ ಗತಿಯಾಯಿತು. ಸಮಾಜಶಾಸ್ತ್ರಜ್ಞೆ ಎ.ಆರ್. ವಾಸವಿಯವರು 1999ರಲ್ಲಿ ಬೀದರದ ಘಟನೆಗಳನ್ನು ಕುರಿತು ಪ್ರಕಟಿಸಿದ ಲೇಖನವು, ಮಾರುಕಟ್ಟೆಗೆ ಹೊಸದಾಗಿ ಸೆಳೆಯಲ್ಪಟ್ಟ ಸಣ್ಣ ಹಿಡುವಳಿದಾರನು ಪ್ರಭುತ್ವದ ನೆರವೂ ನೆರೆಹೊರೆಯ ಆಸರೆಯೂ ಇಲ್ಲದೆ ಅಪಾಯವನ್ನು ಒಂಟಿಯಾಗಿ ಹೊರಬೇಕಾದ ಬಗೆಯನ್ನು ತೋರಿಸಿತು. 2012ರ ತಮ್ಮ ಗ್ರಂಥದಲ್ಲಿ ಅವರು ಈ ವಿಚಾರವನ್ನು ದೇಶದ ಇತರ ಪ್ರದೇಶಗಳಿಗೂ ವಿಸ್ತರಿಸಿದರು.

6

ಇಲ್ಲಿಯೇ ಒಂದು ವಿವಾದವು ಹುಟ್ಟಿತು. ಅದು ಇನ್ನೂ ಮುಗಿದಿಲ್ಲ. ಡಾ. ಜಿ.ಕೆ. ವೀರೇಶರ ಅಧ್ಯಕ್ಷತೆಯ ತಜ್ಞ ಸಮಿತಿಯು 2002ರಲ್ಲಿ ಕರ್ನಾಟಕ ಸರಕಾರಕ್ಕೆ ಒಪ್ಪಿಸಿದ ವರದಿಯು ಸಾಲವೊಂದೇ ಕಾರಣವೆಂಬುದನ್ನು ಒಪ್ಪದೆ, ಕುಡಿತ, ಕೌಟುಂಬಿಕ ಕಲಹ ಮೊದಲಾದ ಕಾರಣಗಳನ್ನು ಮುಂದಿಟ್ಟಿತು. ಅದೇ ವರ್ಷ ಆರ್.ಎಸ್. ದೇಶಪಾಂಡೆಯವರು ಒಂದೇ ಕಾರಣವನ್ನು ಹುಡುಕುವುದು ವ್ಯರ್ಥವೆಂದೂ ಹಲವು ಕಾರಣಗಳು ಒಟ್ಟುಗೂಡಿ ಕೃಷಿಕನನ್ನು ಅಂಚಿಗೆ ತಳ್ಳುವುವೆಂದೂ ಪ್ರತಿಪಾದಿಸಿದರು. ಆಂಧ್ರಪ್ರದೇಶದಲ್ಲಿ 2004ರಲ್ಲಿ ನೇಮಕವಾದ ಜಯತಿ ಘೋಷರ ಆಯೋಗವು ಸಂಕಟದ ಮೂಲವನ್ನು ಆರ್ಥಿಕ ಧೋರಣೆಗಳಲ್ಲಿ ಕಂಡಿತು.

ವಿವಾದದ ತಿರುಳು ಇಷ್ಟು: ಇದು ಮನಸ್ಸಿನ ರೋಗವೋ, ಸಮಾಜದ ಅನ್ಯಾಯವೋ? ರೋಗವೆಂದರೆ ಸರಕಾರದ ಹೊಣೆ ಕಳೆಯುವುದೆಂದು ರೈತಪಕ್ಷದವರ ಭಯ; ಅನ್ಯಾಯವೆಂದಷ್ಟೇ ಹೇಳಿದರೆ ಚಿಕಿತ್ಸೆಯಿಂದ ಬದುಕಬಹುದಾದವನೂ ಕೈಬಿಟ್ಟುಹೋಗುವನೆಂದು ವೈದ್ಯರ ಭಯ. ಎರಡು ಭಯಗಳೂ ಸಕಾರಣವಾದುವೇ. ಆದರೆ ಪ್ರಶ್ನೆಯನ್ನು ಹೀಗೆ ‘ಇದೋ ಅದೋ’ ಎಂದು ಕೇಳುವುದರಲ್ಲಿಯೇ ದೋಷವಿದೆ. ಕುಡಿತವೂ ಮನೆಯ ಜಗಳವೂ ಸಾಲಕ್ಕೆ ಪ್ರತಿಯಾಗಿ ನಿಲ್ಲುವ ಬೇರೆ ಕಾರಣಗಳಲ್ಲ. ಅನೇಕ ವೇಳೆ ಅವು ಸಾಲವು ಮನೆಯೊಳಗೆ ತಾಳುವ ರೂಪಗಳು. ನಮ್ಮ ವೃತ್ತಿಯ ಲೆಕ್ಕದ ಪುಸ್ತಕದಲ್ಲಿ ಅಸಲಿಗೆ ಒಂದು ಕಲಮು, ಬಡ್ಡಿಗೆ ಒಂದು ಕಲಮು ಇರುತ್ತದೆ. ನಿದ್ರೆಗೆಟ್ಟ ಇರುಳುಗಳಿಗೆ ಕಲಮಿರುವುದಿಲ್ಲ. ಪುಸ್ತಕದಲ್ಲಿಲ್ಲದ ಮಾತ್ರಕ್ಕೆ ಆ ಇರುಳುಗಳು ಇಲ್ಲದೆ ಹೋಗುವುದಿಲ್ಲ.

ಈಚಿನ ಶೋಧನೆಗಳು ಈ ಅಭಿಪ್ರಾಯಕ್ಕೆ ಬಲವನ್ನು ಕೊಟ್ಟಿವೆ. ತಮಿಳುನಾಡಿನ ಕಬ್ಬಿನ ಬೆಳೆಗಾರರನ್ನು ಕಟಾವಿಗೆ ಮೊದಲು ಮತ್ತು ಕಟಾವಿನ ನಂತರ ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೈಯಲ್ಲಿ ಹಣವಿಲ್ಲದಾಗ ಅದೇ ರೈತನ ಆಲೋಚನಾಶಕ್ತಿಯ ಅಂಕಗಳು ಕುಗ್ಗಿ, ಹಣ ಬಂದಾಗ ಏರಿದುದು ಕಂಡುಬಂದಿತು. ಬಡವನು ಮಂದಬುದ್ಧಿಯವನಲ್ಲ, ಅವನ ಬುದ್ಧಿಯ ಬಹುಭಾಗವನ್ನು ಚಿಂತೆಯು ಆಗಲೇ ಆಕ್ರಮಿಸಿರುತ್ತದೆ. ಹಳೆಯ ವರದಿಗಳ ‘ಆಲಸಿ’ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ಬೇಕೆ? ಇಂಡೋನೇಷಿಯಾದಲ್ಲಿ ಬಡ ಕುಟುಂಬಗಳಿಗೆ ಸರಕಾರವು ನೇರವಾಗಿ ಹಣವನ್ನು ನೀಡಿದ ಪ್ರದೇಶಗಳಲ್ಲಿ ಆತ್ಮಹತ್ಯೆಗಳು ಇಳಿದುದನ್ನು 2019ರ ಒಂದು ಅಧ್ಯಯನವು ತೋರಿಸಿತು. ನಮ್ಮ ದೇಶದಲ್ಲಿ 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಮಾನಸಿಕ ತೊಂದರೆಗಳಿದ್ದುವೆಂದೂ, ಕಡಿಮೆ ವರಮಾನದ ಮನೆಗಳಲ್ಲಿ ಬಾಧೆಯು ಹೆಚ್ಚೆಂದೂ, ಬಹುಪಾಲು ರೋಗಿಗಳಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದೂ ತಿಳಿದುಬಂದಿತು. ಆ ಹನ್ನೆರಡರಲ್ಲಿ ಕರ್ನಾಟಕವೂ ತೆಲಂಗಾಣವೂ ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಚಿಕಿತ್ಸೆಯ ಪಕ್ಷಕ್ಕೂ ನಮ್ಮ ಸೀಮೆಯಲ್ಲಿಯೇ ಒಂದು ದೊಡ್ಡ ಉದಾಹರಣೆಯುಂಟು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯನ್ನು ಕೊಟ್ಟು, ಕೆಲವೇ ಅವಶ್ಯಕ ಔಷಧಿಗಳನ್ನು ಒದಗಿಸಿ, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ಹಿಂದುಳಿದ ಜಿಲ್ಲೆಯೊಂದು ದೇಶಕ್ಕೆ ದಾರಿದೀಪವಾದುದು ಅಭಿಮಾನದ ಸಂಗತಿ. ಆದರೆ ಔಷಧಿಯು ಖಿನ್ನತೆಯನ್ನು ಇಳಿಸಬಲ್ಲುದೇ ಹೊರತು ಬಡ್ಡಿಯನ್ನು ಇಳಿಸಲಾರದು. ಚೀಟಿ ಹಿಡಿದು ಆಸ್ಪತ್ರೆಯಿಂದ ಮರಳುವವನಿಗೆ ಮನೆಯ ಕಟ್ಟೆಯ ಮೇಲೆ ವಸೂಲಿಗಾರನು ಕಾದು ಕುಳಿತಿದ್ದರೆ ವೈದ್ಯನ ಶ್ರಮವು ಅರ್ಧಕ್ಕೇ ನಿಲ್ಲುತ್ತದೆ.

7

ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಗುರುತಿಸಿದ ಕರ್ನಾಟಕದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರ್ಗಿ ವಿಭಾಗದವು. ಸಂವಿಧಾನದ 371-ಜೆ ವಿಧಿಯು 2013ರಲ್ಲಿ ಆ ಸೀಮೆಗೆ ವಿಶೇಷ ಸ್ಥಾನವನ್ನು ಕೊಟ್ಟಿತು. 2019ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂದಿತು. ಆದರೂ ಸುಗ್ಗಿ ತೀರಿದ ಬಳಿಕ ಯಾದಗಿರಿ, ರಾಯಚೂರು, ಕಲಬುರ್ಗಿಗಳ ಹಳ್ಳಿಗಳಿಂದ ಗುಳೆ ಹೊರಡುವವರು ನಿಂತಿಲ್ಲ. ಅವರು ಬರುವ ಊರುಗಳಲ್ಲಿ ನಮ್ಮ ಹೈದರಾಬಾದೂ ಒಂದು. ಗುಳೆ ಬರುವ ಕುಟುಂಬವು ಹಲವು ಸಲ ಗುತ್ತಿಗೆದಾರನ ಮುಂಗಡವನ್ನು ತಲೆಯ ಮೇಲೆ ಹೊತ್ತೇ ಬರುತ್ತದೆ. ಭಗೇಲದ ಹೆಸರು ಅಳಿದಿದೆ. ಅದರ ನೆರಳು ಪೂರ್ತಿಯಾಗಿ ಅಳಿದಿಲ್ಲ. ಸ್ವಸಹಾಯದ ಹೆಸರಿನಲ್ಲಿ ಹರಡಿದ ಕಿರುಸಾಲಗಳ ವಸೂಲಿಯ ಕಿರುಕುಳವನ್ನು ತಡೆಯಲು ಆಂಧ್ರಪ್ರದೇಶವು 2010ರಲ್ಲಿಯೂ ಕರ್ನಾಟಕವು 2025ರಲ್ಲಿಯೂ ಸುಗ್ರೀವಾಜ್ಞೆಗಳನ್ನು ಹೊರಡಿಸಬೇಕಾಯಿತೆಂಬುದು ಇದಕ್ಕೆ ಸಾಕ್ಷಿ. ಈ ಸಾಲಗಳನ್ನು ಪಡೆದವರಲ್ಲಿ ಬಹುಮಂದಿ ಹೆಂಗಸರು. ಗಂಡನ ಸಾಲದ ಚಿಂತೆಯೊಡನೆ ಈಗ ತಮ್ಮ ಹೆಸರಿನ ಸಾಲದ ಚಿಂತೆಯನ್ನೂ ಅವರೇ ಹೊರಬೇಕಾಗಿದೆ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾನೂನು ಎರಡು ಹಿರಿಯ ಮಾತುಗಳನ್ನು ಹೇಳಿದೆ: ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಮಾನಸಿಕ ಒತ್ತಡಕ್ಕೆ ಒಳಗಾದವನೆಂದು ಭಾವಿಸಬೇಕು, ದಂಡಿಸಬಾರದು ಎಂಬುದೊಂದು, ಯಾರೊಬ್ಬರ ಆರ್ಥಿಕ ಅಥವಾ ಸಾಮಾಜಿಕ ಸ್ಥಾನವನ್ನು ನೋಡಿ ಅವರನ್ನು ಮನೋರೋಗಿಯೆಂದು ನಿರ್ಣಯಿಸಬಾರದು ಎಂಬುದಿನ್ನೊಂದು. ಎರಡನೆಯ ಮಾತು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಬಡತನವು ರೋಗದ ಲಕ್ಷಣವಲ್ಲ. ಆದರೆ ರೋಗವು ಬೇರೂರುವ ನೆಲವಾಗಬಲ್ಲುದು. ಈ ಅಂತರವನ್ನು ಕಾಯ್ದುಕೊಳ್ಳುವುದು ವೈದ್ಯನಿಗೂ ಇತಿಹಾಸಕಾರನಿಗೂ ಸಮಾನವಾದ ಕರ್ತವ್ಯ.

ಕೊನೆಯದಾಗಿ, ಈ ನಗರದ ಕನ್ನಡಿಗರಲ್ಲಿ ಒಂದು ಅರಿಕೆ. ಸಂಕಟವನ್ನು ಮನುಷ್ಯನು ಕಲಿತ ಭಾಷೆಯಲ್ಲಿ ಹೇಳುವುದಿಲ್ಲ, ತಾಯಿಯ ಭಾಷೆಯಲ್ಲಿ ಹೇಳುತ್ತಾನೆ. ‘ಜೀವ ಬ್ಯಾಸರಾಗ್ಯಾದ’, ‘ಎದಿ ಭಾರ ಆಗ್ಯಾದ’ ಎಂಬ ಕಲಬುರ್ಗಿಯ ಕೂಲಿಯ ಮಾತಿನಲ್ಲಿ ಎಷ್ಟು ದಣಿವು, ಎಷ್ಟು ಅಪಾಯ ಅಡಗಿದೆಯೆಂಬುದನ್ನು ತೆಲುಗು, ಉರ್ದು ಮಾತ್ರ ಬಲ್ಲ ವೈದ್ಯರು ಹೇಗೆ ಅಳೆಯಬೇಕು? 2022ರಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆಯು (ಸಂಖ್ಯೆ 14416) ಕನ್ನಡದಲ್ಲಿಯೂ ದೊರೆಯುತ್ತದೆಂಬುದು ಗುಳೆ ಬಂದವರಲ್ಲಿ ಎಷ್ಟು ಮಂದಿಗೆ ಗೊತ್ತು? ಅದನ್ನು ತಿಳಿಸುವುದು, ಆಸ್ಪತ್ರೆಯಲ್ಲಿ ಒಬ್ಬ ದುಭಾಷಿಯನ್ನು ಒದಗಿಸುವುದು, ಸಾಲದ ಕಾಗದವನ್ನು ಓದಿ ಹೇಳುವುದು ನಮ್ಮಂತಹ ಸಂಘಗಳ ಶಕ್ತಿಗೆ ಮೀರಿದ ಕಾರ್ಯಗಳಲ್ಲ. ನಾವು ಶಾಸನಗಳನ್ನು ಓದುತ್ತೇವೆ, ತಾಳೆಗರಿಗಳನ್ನು ಸಂಗ್ರಹಿಸುತ್ತೇವೆ, ಅವು ಬೇಕು. ಅದರೊಡನೆ ಈ ಜನರ ಮಾತುಗಳನ್ನೂ ಕೇಳಿ ಬರೆದಿಡುವುದು ಅವಶ್ಯ. ನಮ್ಮ ಹಿಂದಿನವರು ಬಡವನ ಸಾಲವನ್ನು ದಾಖಲಿಸಿ ಅವನ ಮನಸ್ಸನ್ನು ದಾಖಲಿಸದೆ ಹೋದರೆಂದು ಇಂದು ನಾವು ಹೇಳುತ್ತಿದ್ದೇವೆ. ಮುಂದಿನವರು ನಮ್ಮನ್ನು ಕುರಿತು ಅದೇ ಮಾತನ್ನು ಹೇಳುವಂತಾಗಬಾರದು.